11 ಚಾನೆಲ್ ಪ್ರೊಸೆಸರ್, 10 ಅಡಿ ಹಾಲ್: ಮುಂಬೈ ಫ್ಲ್ಯಾಟಿಗೆ ಹೋಂ ಥಿಯೇಟರ್ ಕೊಳ್ಳುವ ಮುಂಚೆ

ಮೊದಲು ನನ್ನ ದಡ್ಡತನ ಹೇಳಿಬಿಡುತ್ತೇನೆ. ಡೊಂಬಿವ್ಲಿಯಲ್ಲಿ ನಮ್ಮ ಹಾಲ್ 10 ಅಡಿ ಅಗಲ, 16 ಅಡಿ ಉದ್ದ. ಅದರಲ್ಲೇ ಊಟದ ಟೇಬಲ್ಲು, ಅದರಲ್ಲೇ ಶೂ ಸ್ಟ್ಯಾಂಡು. ಅಂಥ ಹಾಲಿಗೆ ನಾನು 11 ಚಾನೆಲ್‌ನ ಪ್ರೊಸೆಸರ್ ತಂದೆ, ಅಂದರೆ ಸಿನಿಮಾದ ಶಬ್ದವನ್ನು 11 ಸ್ಪೀಕರ್‌ಗೆ ಬೇರೆ ಬೇರೆಯಾಗಿ ಹಂಚುವ ಡಬ್ಬ. ಅಮೆರಿಕದಿಂದ ವಾಪಸ್ ಬಂದ ಒಬ್ಬರು ಠಾಣೆಯಲ್ಲಿ ಮಾರುತ್ತಿದ್ದರು, ಅರ್ಧಕ್ಕಿಂತ ಕಡಿಮೆ ಬೆಲೆ, ಡಬ್ಬ ಸಮೇತ. ರಿಕ್ಷಾದಲ್ಲಿ ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ಬಂದೆ. ಮನೆಯಲ್ಲಿ ಹಿಂದೆ ತಿರುಗಿಸಿ ನೋಡಿದರೆ 120 ವೋಲ್ಟ್ ಅಂತ ಬರೆದಿದೆ. ನಮ್ಮ ಗೋಡೆಯಲ್ಲಿ ಬರುವುದು 230. ಪ್ಲಗ್ ಹಾಕುವ ಮುಂಚೆ ಕಣ್ಣಿಗೆ ಬಿತ್ತಲ್ಲ, ಅದೊಂದು ಪುಣ್ಯ. ಆಮೇಲೆ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ತಂದೆ, ಅದು ರಾತ್ರಿಯಿಡೀ ಗುಂಯ್ ಅನ್ನುತ್ತಿತ್ತು. ಪ್ರೊಸೆಸರ್ ಒಂದೇ ಇದ್ದರೆ ಸದ್ದೇ ಬರುವುದಿಲ್ಲ, ಸ್ಪೀಕರ್‌ಗೆ ಶಕ್ತಿ ಕೊಡುವ ಪವರ್ ಆಂಪ್ ಬೇರೆ ಬೇಕು ಅಂತ ಗೊತ್ತಿತ್ತು. ಆದರೆ ಎಲ್ಲ ಚಾನೆಲ್ಲಿಗೂ ಆಂಪ್ ಹಾಕಿದರೆ ಎಷ್ಟಾಗುತ್ತದೆ ಅಂತ ಕೂತು ಲೆಕ್ಕ ಹಾಕಿರಲಿಲ್ಲ. ಕೊನೆಗೆ ಐದು ಚಾನೆಲ್‌ಗೆ ಸಾಕಾಗುವಷ್ಟು ಆಂಪ್ ಸಿಕ್ಕಿತು. ಮೂರು ವರ್ಷ ಆರು ಸಾಕೆಟ್ ಧೂಳು ತಿಂದವು.

ಈಗ ಪುಣೆಯಲ್ಲಿ, ಕೊಥ್ರೂಡ್‌ನಲ್ಲಿರುವ ನನ್ನ ಭಾವಮೈದ ಫೋನ್ ಮಾಡಿದ್ದ. "ಭಾವ, ಹೊಸ ಪ್ರೊಸೆಸರ್‌ಗಳು ಬಂದಿವೆಯಂತೆ, ಯಾವುದು ತಗೊಳ್ಳಲಿ ಹೇಳಿ" ಅಂತ. ಅವನಿಗೆ ಒಂದು ಗಂಟೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಚಾನೆಲ್ ಲೆಕ್ಕಕ್ಕೆ ದುಡ್ಡು ಕೊಡಬೇಡ, ನಿನ್ನ ಕೋಣೆಗೆ ಕೊಡು ಅಂತ ಅವನಿಗೆ ಮೊದಲೇ ಹೇಳಿಬಿಟ್ಟೆ. ಉಳಿದದ್ದೆಲ್ಲ ಅದರ ವಿವರ.

ಮೊದಲು ಟೇಪ್ ಹಿಡಿಯಿರಿ

ಅಂಗಡಿಗೆ ಹೋಗುವ ಮುಂಚೆ ಹಾಲ್ ಅಳೆಯಿರಿ. ಉದ್ದ, ಅಗಲ, ಎತ್ತರ. ಸೋಫಾದಿಂದ ಟಿವಿಗೆ ಎಷ್ಟು ದೂರ, ಸೋಫಾದ ಹಿಂದೆ ಎಷ್ಟು ಜಾಗ, ಎರಡೂ ಬರೆದುಕೊಳ್ಳಿ.

ಸೋಫಾದ ಹಿಂದಿನ ಜಾಗ ತುಂಬಾ ಮುಖ್ಯ. ನಮ್ಮ ಮುಂಬೈ ಮನೆಗಳಲ್ಲಿ ಸೋಫಾ ಗೋಡೆಗೆ ಅಂಟಿಕೊಂಡೇ ಇರುತ್ತದೆ, ಅಲ್ವಾ? ಹಾಗಿದ್ದರೆ ಹಿಂದೆ ಇಡುವ ಎರಡು ಸರೌಂಡ್ ಬ್ಯಾಕ್ ಸ್ಪೀಕರ್‌ಗೆ ಜಾಗವೇ ಇಲ್ಲ. ಏಳು ಚಾನೆಲ್ ಮಾತು ಅಲ್ಲಿಗೆ ಮುಗಿಯಿತು. ಪಕ್ಕದಲ್ಲಿ ಎರಡು ಸರೌಂಡ್ ಇಡಿ, ಕಿವಿಯ ನೇರಕ್ಕೆ ಅಥವಾ ಸ್ವಲ್ಪ ಹಿಂದಕ್ಕೆ, ಕೋನದ ಲೆಕ್ಕದಲ್ಲಿ 90ರಿಂದ 110 ಡಿಗ್ರಿ. ಮುಂದೆ ಮೂರು, ಪಕ್ಕದಲ್ಲಿ ಎರಡು, ಮೇಲೆ ಎರಡು ಅಥವಾ ನಾಲ್ಕು. ಸೋಫಾ ಗೋಡೆಗೆ ಅಂಟಿದ ಮನೆಗೆ 5.1.2 ಅಥವಾ 5.1.4 ಸಾಕೋ ಸಾಕು, ನಡುವಿನ 1 ಅಂದರೆ ಬಾಸ್‌ಗೆಂದೇ ಇರುವ ಸಬ್ ವೂಫರ್.

ಇನ್ನೊಂದು ಲೆಕ್ಕ ಇದೆ, ಇದನ್ನು ಅಂಗಡಿಯವರು ಯಾರೂ ಹೇಳುವುದಿಲ್ಲ. ಎದುರುಬದುರು ಗೋಡೆಗಳ ನಡುವೆ ಬಾಸ್ ಶಬ್ದ ಸಿಕ್ಕಿಹಾಕಿಕೊಂಡು ಒಂದು ನಿರ್ದಿಷ್ಟ ಸ್ವರದಲ್ಲಿ ಊದಿಕೊಳ್ಳುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಗೋಡೆಗಳ ದೂರದ ಎರಡು ಪಟ್ಟಿನಿಂದ ಭಾಗಿಸಿ. ನಮ್ಮ 16 ಅಡಿಗೆ 35 ಹರ್ಟ್ಸ್, 10 ಅಡಿಗೆ 56 ಹರ್ಟ್ಸ್, ಒಂಬತ್ತೂವರೆ ಅಡಿ ಎತ್ತರದ ಸ್ಲ್ಯಾಬಿಗೆ 59 ಹರ್ಟ್ಸ್. ನೋಡಿ, ಅಗಲ ಮತ್ತು ಎತ್ತರ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ 56 ಮತ್ತು 59 ಒಂದರ ಮೇಲೊಂದು ಕೂತಿವೆ. ನಮ್ಮ ಮನೆಯಲ್ಲಿ ಡೋಲು ಬಡಿದರೂ ಗುಡುಗಿದರೂ ಲಾರಿ ಹೋದರೂ ಒಂದೇ ಥರ "ಬೂಂ" ಅಂತ ಕೇಳುತ್ತಿದ್ದದ್ದು ಇದಕ್ಕೇ. ನಾನು ಸುಮ್ನೆ ಸ್ಪೀಕರ್ ಕಂಪನಿಯನ್ನು ಬೈಯುತ್ತಿದ್ದೆ.

ಈ ಬೂಂ ಅನ್ನು 11 ಚಾನೆಲ್ಲೂ ಸರಿಮಾಡುವುದಿಲ್ಲ, 15 ಚಾನೆಲ್ಲೂ ಸರಿಮಾಡುವುದಿಲ್ಲ. ಅದಕ್ಕೆ ಬೇಕಾದದ್ದು ರೂಮ್ ಕರೆಕ್ಷನ್, ಸಾಧ್ಯವಾದರೆ ಎರಡನೇ ಸಬ್ ವೂಫರ್. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಎತ್ತರ ಅಳೆಯುವಾಗ ಚಾವಣಿಯನ್ನೂ ನೋಡಿ. ಸೀಲಿಂಗಿಗೆ ತೂತು ಹೊಡೆಯಲು ಆಗದ ಬಾಡಿಗೆ ಮನೆಯವರು ಅಟ್ಮಾಸ್‌ಗೆ, ಅಂದರೆ ತಲೆಯ ಮೇಲಿನಿಂದಲೂ ಶಬ್ದ ಕೇಳಿಸುವ ಡಾಲ್ಬಿ ವಿಧಾನಕ್ಕೆ, ಮೇಲ್ಮುಖವಾಗಿ ಶಬ್ದ ಬಿಡುವ ಸ್ಪೀಕರ್ ತರುತ್ತಾರೆ. ಅದು ಚಾವಣಿಗೆ ಬಡಿದು ಕೆಳಗೆ ಬರಬೇಕು, ಅದಕ್ಕೆ ಚಾವಣಿ ಸಮತಟ್ಟಾಗಿ ಗಟ್ಟಿಯಾಗಿರಬೇಕು. ದೊಡ್ಡ ತೊಲೆ ಅಡ್ಡ ಬಂದರೆ, ಮೆಟ್ಟಿಲು ಮೆಟ್ಟಿಲಾಗಿ ಪಿಒಪಿ ಮಾಡಿಸಿದ್ದರೆ ಅರ್ಧ ಪರಿಣಾಮ ಹೋಯಿತು. ನಡುವೆ ಫ್ಯಾನ್ ಬೇರೆ ತಿರುಗುತ್ತಿರುತ್ತದೆ. ಗೋವಾದಲ್ಲಿ, ಪೋಂಡಾ ಕಡೆ ನಮ್ಮ ದೊಡ್ಡಪ್ಪನ ಮಗನದು ಹಳೇ ಮನೆ, ಮೇಲೆ ಮಂಗಳೂರು ಹಂಚು, ಇಳಿಜಾರು ಮಾಡು. ಅಲ್ಲಿ ಮೇಲ್ಮುಖದ ಸ್ಪೀಕರ್ ಇಟ್ಟರೆ ಶಬ್ದ ಹೋಗಿ ಅಡುಗೆಮನೆಯಲ್ಲಿ ಬೀಳುತ್ತದೆ! ಅವನು ಚಿಕ್ಕ ಸ್ಪೀಕರ್‌ಗಳನ್ನು ಅಡ್ಡತೊಲೆಗೆ ಬ್ರಾಕೆಟ್ ಹಾಕಿ ಕೂರಿಸಿದ, ಚೆನ್ನಾಗಿ ಕೆಲಸ ಮಾಡುತ್ತಿದೆ.

ಡಬ್ಬದ ಮೇಲಿನ ಅಂಕಿ ಓದುವುದು

7.2.4 ಅಂದರೆ ಕಿವಿಯ ಮಟ್ಟದಲ್ಲಿ ಏಳು, ಸಬ್ ಎರಡು, ತಲೆಯ ಮೇಲೆ ನಾಲ್ಕು. ಡಾಲ್ಬಿ ಅಟ್ಮಾಸ್ 2012ರಲ್ಲಿ ಥಿಯೇಟರಿಗೆ ಬಂತು, 2014ರಲ್ಲಿ ಮನೆಗೆ. ಅಂಥದ್ದೇ ಇನ್ನೊಂದು ವಿಧಾನ ಡಿಟಿಎಸ್ ಎಕ್ಸ್ 2015ರಲ್ಲಿ. ಆ ಮೂರನೇ ಅಂಕಿ ಹುಟ್ಟಿದ್ದೇ ಇವುಗಳಿಂದ.

ಮೋಸ ಹೋಗುವುದು ಇನ್ನೊಂದು ಕಡೆ. "11.4" ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದು ಲೆಕ್ಕ ಮಾಡಬಲ್ಲ ಚಾನೆಲ್‌ಗಳ ಸಂಖ್ಯೆ. ಒಳಗಿರುವ ಆಂಪ್ ಎಷ್ಟು ಅನ್ನುವುದು ಬೇರೆ. ಉದಾಹರಣೆಗೆ ಡೆನಾನ್ ಎಕ್ಸ್3800ಎಚ್ ರಿಸೀವರ್ (ಪ್ರೊಸೆಸರ್, ಆಂಪ್ ಎರಡೂ ಇರುವ ಡಬ್ಬ): 11 ಚಾನೆಲ್‌ವರೆಗೆ ಪ್ರೊಸೆಸಿಂಗ್, ಒಳಗೆ 9 ಆಂಪ್, ನಾಲ್ಕು ಸಬ್ ಔಟ್. 9ಕ್ಕಿಂತ ಜಾಸ್ತಿ ಸ್ಪೀಕರ್ ಬೇಕಾದರೆ ಹೊರಗೆ ಎರಡು ಚಾನೆಲ್‌ನ ಒಂದು ಆಂಪ್ ಸೇರಿಸಬೇಕು.

ಆ ".4"ನಲ್ಲೂ ಒಂದು ಪ್ರಶ್ನೆ ಕೇಳಿ: ನಾಲ್ಕು ಸಬ್ ಔಟ್‌ಗಳೂ ಬೇರೆ ಬೇರೆಯಾ, ಅಥವಾ ಒಂದೇ ಸಿಗ್ನಲ್ ಅನ್ನು ತಂತಿ ಸೀಳಿ ಕೊಟ್ಟಿದ್ದಾರಾ? ಬೇರೆ ಬೇರೆ ಆಗಿದ್ದರೆ ಮಾತ್ರ ಪ್ರತಿಯೊಂದು ಸಬ್‌ಗೂ ಅದರ ದೂರ, ಅದರ ಮಟ್ಟ ಪ್ರತ್ಯೇಕವಾಗಿ ಹೊಂದಿಸಬಹುದು. ಕಡಿಮೆ ಬೆಲೆಯ ರಿಸೀವರ್‌ಗಳಲ್ಲಿ ಎರಡು ತೂತು ಇರುತ್ತವೆ, ಸಿಗ್ನಲ್ ಮಾತ್ರ ಒಂದೇ.

ಔರೋ 3ಡಿ, ಐಮ್ಯಾಕ್ಸ್ ಎನ್ಹಾನ್ಸ್ಡ್ ಅಂತ ಇನ್ನೂ ಲೋಗೋ ಇರುತ್ತವೆ. ಇದ್ದರೆ ಇರಲಿ. ಅದಕ್ಕಾಗಿ ಒಂದು ರೂಪಾಯಿ ಜಾಸ್ತಿ ಕೊಡಬೇಡಿ.

ವ್ಯಾಟ್ ಲೆಕ್ಕ, ಒಂದೇ ಒಂದು ಸಲ

ನನಗೆ ಅತಿ ಹೆಚ್ಚು ದುಡ್ಡು ಉಳಿಸಿದ್ದು ಈ ಲೆಕ್ಕ, ಆದರೆ ದುಡ್ಡು ಖರ್ಚು ಮಾಡಿದ ಮೇಲೆ ಕಲಿತೆ. ನಿಮ್ಮ ಸ್ಪೀಕರ್‌ನ ಸೆನ್ಸಿಟಿವಿಟಿ 88 ಡೆಸಿಬೆಲ್ ಅಂತಿದೆ ಅಂದುಕೊಳ್ಳಿ. ಅಂದರೆ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 88. ಮೂರು ಮೀಟರ್ ದೂರದಲ್ಲಿ ಕೂತರೆ ಸುಮಾರು 9.5 ಕಡಿಮೆ, ಅಂದರೆ 78.5. ಸಿನಿಮಾ ಮಂದಿರದ ಪೂರ್ತಿ ಮಟ್ಟದಲ್ಲಿ ಒಂದು ಸ್ಪೀಕರ್‌ನ ಉತ್ತುಂಗ 105 ಡೆಸಿಬೆಲ್. ಅಲ್ಲಿಗೆ ಹೋಗಲು 450 ವ್ಯಾಟ್ ಹತ್ತಿರ ಬೇಕು. ಅಯ್ಯೋ ಅನ್ನಿಸುತ್ತದೆ. ಆದರೆ ಆ ಮಟ್ಟದಲ್ಲಿ ಡೊಂಬಿವ್ಲಿಯಲ್ಲಿ ಯಾರು ಕೇಳುತ್ತಾರೆ? ನಾವು ಕೇಳುವುದು ವಾಲ್ಯೂಮ್ ಮೈನಸ್ 20ರಲ್ಲಿ, ಅಂದರೆ ಮಂದಿರದ ಮಟ್ಟಕ್ಕಿಂತ 20 ಡೆಸಿಬೆಲ್ ಕೆಳಗೆ. ಆಗ ಉತ್ತುಂಗ 85 ಡೆಸಿಬೆಲ್, ಬೇಕಾದದ್ದು 5 ವ್ಯಾಟ್‌ಗಿಂತ ಕಡಿಮೆ.

ಐದು ವ್ಯಾಟ್! ಬಾಸ್ ಭಾರವನ್ನು ಸಬ್ ವೂಫರ್ ತನ್ನೊಳಗಿನ ಆಂಪ್‌ನಿಂದ ತಾನೇ ಹೊರುತ್ತದೆ. 100 ವ್ಯಾಟ್ ಅಂತ ಬರೆದಿರುವ ಸಾಧಾರಣ ರಿಸೀವರ್ ಎಲ್ಲ ಚಾನೆಲ್‌ಗೆ ಒಟ್ಟಿಗೆ 100 ಕೊಡುವುದಿಲ್ಲ, ಎರಡು ಚಾನೆಲ್ ಓಡಿಸಿ ಅಳೆದ ಅಂಕಿ ಅದು. ಅರ್ಧ ಕೊಟ್ಟರೂ ನಮಗೆ ಮಿಕ್ಕಿ ಹೋಗುತ್ತದೆ.

ರಿಸೀವರಾ, ಪ್ರೊಸೆಸರಾ? ಬೆಲೆ ನೋಡಿ ಹೇಳಿ

ರಿಸೀವರ್ ಅಂದರೆ ಪ್ರೊಸೆಸರ್ ಮತ್ತು ಆಂಪ್ ಒಂದೇ ಡಬ್ಬದಲ್ಲಿ. ಪ್ರೊಸೆಸರ್ ಅಂದರೆ ಮೆದುಳು ಮಾತ್ರ, ತೋಳು ಬೇರೆ ತರಬೇಕು. ಹಾಗಿದ್ದರೆ ಪ್ರೊಸೆಸರ್ ಅಗ್ಗ ಇರಬೇಕಲ್ಲ? ಇಲ್ಲ, ತಲೆಕೆಳಗು.

ಮುಂದಿನ ಅಂಕಿಗಳು ಅಮೆರಿಕದಲ್ಲಿ ಬಿಡುಗಡೆಯಾದಾಗಿನ ಪಟ್ಟಿ ಬೆಲೆ, ಅಲ್ಲಿನ ತೆರಿಗೆ ಸೇರಿಲ್ಲ. ಮಾರಾಂಟ್ಸ್ 2025ರಲ್ಲಿ ಎರಡು ಹೊಸ ಪ್ರೊಸೆಸರ್ ತಂದಿತು: ಎವಿ 30 ಅಂದರೆ 11.4 ಚಾನೆಲ್, 4,000 ಡಾಲರ್. ಎವಿ 20 ಅಂದರೆ 13.4 ಚಾನೆಲ್, 6,000 ಡಾಲರ್. ಅದಕ್ಕಿಂತ ಮೇಲಿನದು ಮೊದಲೇ ಬಂದಿದ್ದ ಎವಿ 10, 15.4 ಚಾನೆಲ್, 7,000 ಡಾಲರ್. ಅದಕ್ಕೆ ಜೋಡಿಯಾಗಿ ಆಂಪ್ 10 ಅನ್ನುವ 16 ಚಾನೆಲ್ ಪವರ್ ಆಂಪ್, ಅದೂ 7,000. ಜೋಡಿಗೆ 14,000 ಆಯಿತು. ಅದೇ ಮನೆತನದ ಡೆನಾನ್ ಎ1ಎಚ್ ರಿಸೀವರ್ 15.4 ಚಾನೆಲ್, ಒಳಗೇ 15 ಆಂಪ್, 6,500 ಡಾಲರಿಗೆ ಒಂದು ಕಡಿಮೆ. ತೂಕ 32 ಕಿಲೋ, ಲಿಫ್ಟ್ ಇಲ್ಲದ ಬಿಲ್ಡಿಂಗ್‌ನವರು ಯೋಚನೆ ಮಾಡಿ. ಎರಡೂ ಬ್ರ್ಯಾಂಡ್ ಒಂದೇ ಒಡೆತನದಲ್ಲಿವೆ, 2025ರಲ್ಲಿ ಅದು ಸ್ಯಾಮ್‌ಸಂಗ್ ಕೈಕೆಳಗಿನ ಹರ್ಮನ್‌ಗೆ ಹೋಯಿತು.

ಎರಡು ಪಟ್ಟಿಗಿಂತ ಜಾಸ್ತಿ ಕೊಟ್ಟರೆ ಏನು ಸಿಗುತ್ತದೆ? ಎಲ್ಲ ಚಾನೆಲ್‌ಗೂ ಬ್ಯಾಲೆನ್ಸ್ಡ್ ಎಕ್ಸ್‌ಎಲ್‌ಆರ್ ಔಟ್ (ಹೊರಗಿನ ಗದ್ದಲ ಹೊಕ್ಕದಂತೆ ಮೂರು ಪಿನ್‌ನ ಸಾಕೆಟ್), ಹಿನ್ನೆಲೆಯ ಸುಂಯ್ ಸದ್ದು ಕಡಿಮೆ, ದೊಡ್ಡ ಆಂಪ್‌ನಿಂದ ಬರುವ ಜೋರು, ನೋಡಲು ಚೆಂದದ ಮುಖ. ಎಕ್ಸ್‌ಎಲ್‌ಆರ್ ಉಪಯೋಗ ಇರುವುದು ಕೇಬಲ್ ಉದ್ದ ಇದ್ದಾಗ, ಆಂಪ್ ಇನ್ನೊಂದು ಮೂಲೆಯಲ್ಲಿದ್ದಾಗ. ಎರಡು ಡಬ್ಬ ಒಂದರ ಮೇಲೊಂದು ಕೂತು ನಡುವೆ ಒಂದು ಮೀಟರ್ ಕೇಬಲ್ ಇದ್ದರೆ ಸಾಧಾರಣ ಆರ್‌ಸಿಎ ಕೇಬಲ್ಲಿಗೂ ಅದಕ್ಕೂ ನಿಮ್ಮ ಕಿವಿಗೆ ವ್ಯತ್ಯಾಸ ಸಿಗುವುದಿಲ್ಲ.

ಪ್ರೊಸೆಸರ್ ಅರ್ಥಪೂರ್ಣ ಆಗುವುದು ಯಾರಿಗೆ? ಒಳ್ಳೆ ಪವರ್ ಆಂಪ್ ಮೊದಲೇ ಇರುವವರಿಗೆ. ಸೆನ್ಸಿಟಿವಿಟಿ ಕಡಿಮೆ ಇರುವ, ಆಂಪ್‌ನಿಂದ ಜಾಸ್ತಿ ಕರೆಂಟ್ ಎಳೆಯುವ ನಾಲ್ಕು ಓಮ್‌ನ ಸ್ಪೀಕರ್ ಇಟ್ಟುಕೊಂಡವರಿಗೆ. ಗೋವಾದಲ್ಲೋ ಪುಣೆಯ ಬಾನೇರ್ ಕಡೆಯೋ ಬಂಗಲೆ ಕಟ್ಟಿ ಒಂದು ಕೋಣೆಯನ್ನೇ ಥಿಯೇಟರ್ ಮಾಡುವವರಿಗೆ. ಅಂಥವರು ಇನ್ನೂ ಮೇಲೆ ಹೋಗಬಹುದು: ಮೋನೋಪ್ರೈಸ್ ಎಚ್‌ಟಿಪಿ-1, 16 ಚಾನೆಲ್, ಬಂದಾಗ 4,000 ಡಾಲರ್ ಹತ್ತಿರ, ಡಿರಾಕ್ ಅನ್ನುವ ರೂಮ್ ಕರೆಕ್ಷನ್ ಸೇರಿ. ಆಂಥಮ್ ಎವಿಎಂ 70 ಮತ್ತು 90. ಫ್ರಾನ್ಸಿನ ಸ್ಟಾರ್ಮ್ ಆಡಿಯೋ, ಟ್ರಿನೋವ್. ಟ್ರಿನೋವ್ ಬೆಲೆ ಕೇಳಿದರೆ ನಮ್ಮಂಥವರಿಗೆ ಕಾರು ನೆನಪಾಗುತ್ತದೆ.

ಭಾವಮೈದನಿಗೆ ಹೇಳಿದ ಮಧ್ಯದ ದಾರಿ ಇದು: ಪ್ರೀ ಔಟ್, ಅಂದರೆ ಹೊರಗಿನ ಆಂಪ್‌ಗೆ ಸಿಗ್ನಲ್ ಕೊಡುವ ಸಾಕೆಟ್ ಇರುವ ರಿಸೀವರ್ ತಗೋ. ಎಕ್ಸ್3800ಎಚ್ ಬಂದಾಗ 1,699 ಡಾಲರ್. ಓಂಕ್ಯೋ ಟಿಎಕ್ಸ್-ಆರ್‌ಝಡ್50, 2021ರಲ್ಲಿ ಬಂದಾಗ 1,399 ಡಾಲರ್, ಒಳಗೆ 9 ಆಂಪ್. ಇವತ್ತು ಒಳಗಿನ ಆಂಪ್ ಬಳಸು. ನಾಳೆ ಮನೆ ದೊಡ್ಡದಾದರೆ ಹೊರಗಿನ ಆಂಪ್ ಸೇರಿಸು, ಆಗ ಅದೇ ರಿಸೀವರ್ ನಿನ್ನ ಪ್ರೊಸೆಸರ್.

ರೂಪಾಯಿ ಲೆಕ್ಕಕ್ಕೆ ನಾನು ಡಾಲರ್ ಬೆಲೆಯನ್ನು 110ರಿಂದ ಗುಣಿಸಿ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತೇನೆ. ವಿನಿಮಯ ದರ ಅಷ್ಟಿಲ್ಲ, ಆದರೆ ಸುಂಕ, ಸಾಗಣೆ, ಜಿಎಸ್‌ಟಿ ಎಲ್ಲ ಬರುತ್ತವಲ್ಲ. ಇದು ನನ್ನ ಸ್ವಂತ ಅಂದಾಜು, ಅಂಗಡಿಯವರ ಬೆಲೆ ಕೇಳುವ ಮುಂಚೆ ಎದೆ ಗಟ್ಟಿ ಮಾಡಿಕೊಳ್ಳಲು ಮಾತ್ರ. ಕೆಲವು ಮಾಡೆಲ್ ಇದಕ್ಕಿಂತ ಕೆಳಗೆ ಸಿಗುತ್ತವೆ, ಹೊಸ ಮಾಡೆಲ್ ಬಂದಾಗ ಹಳೆಯದು ಚೆನ್ನಾಗಿ ಇಳಿಯುತ್ತದೆ. ಒಂದು ಒಳ್ಳೆಯ ಸುದ್ದಿ: 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಟಿವಿ ಮತ್ತು ಪ್ರೊಜೆಕ್ಟರ್ ಮೇಲಿನ ಜಿಎಸ್‌ಟಿ 28ರಿಂದ 18 ಪ್ರತಿಶತಕ್ಕೆ ಇಳಿದಿದೆ. ಅಲ್ಲಿ ಉಳಿದದ್ದು ಎರಡನೇ ಸಬ್‌ಗೆ ಬಂತು ಅಂದುಕೊಳ್ಳಿ.

ದುಡ್ಡು ಎಲ್ಲಿ ಹಾಕಬೇಕು ಅಂದರೆ, ಇಲ್ಲಿ

ರೂಮ್ ಕರೆಕ್ಷನ್. ಒಂದು ಮೈಕ್ ಅನ್ನು ಕೂರುವ ಜಾಗದಲ್ಲಿ ಇಟ್ಟು ಪ್ರತಿ ಸ್ಪೀಕರ್‌ನಿಂದ ಒಂದು ಸದ್ದು ಬಿಟ್ಟು, ಕೋಣೆ ಅದನ್ನು ಹೇಗೆ ಕೆಡಿಸುತ್ತದೆ ಅಂತ ಅಳೆದು, ಉಲ್ಟಾ ತಿದ್ದುವ ಲೆಕ್ಕ. ನನ್ನ 56 ಹರ್ಟ್ಸ್ ಬೂಂ ಹೋದದ್ದು ಇದರಿಂದ.

ಡೆನಾನ್, ಮಾರಾಂಟ್ಸ್‌ಗಳಲ್ಲಿ ಆಡಿಸ್ಸಿ ಬರುತ್ತದೆ. ಅದರಲ್ಲಿ ಮಟ್ಟಗಳಿವೆ, ಎಕ್ಸ್‌ಟಿ32 ಅನ್ನುವುದು ಮೇಲಿನದು, ಅದಕ್ಕಿಂತ ಕೆಳಗಿನದಕ್ಕೆ ಇಳಿಯಬೇಡಿ, ಯಾಕೆಂದರೆ ಬಾಸ್ ತಿದ್ದುವ ಶಕ್ತಿ ಇರುವುದೇ ಅಲ್ಲಿ. ಯಮಾಹಾದಲ್ಲಿ ವೈಪಿಎಒ, ಆಂಥಮ್‌ನಲ್ಲಿ ಎಆರ್‌ಸಿ ಜೆನೆಸಿಸ್, ಲಿಂಗ್‌ಡಾರ್ಫ್‌ನಲ್ಲಿ ರೂಮ್ ಪರ್ಫೆಕ್ಟ್. ಸ್ವೀಡನ್ನಿನ ಡಿರಾಕ್ ಲೈವ್ ಹಲವು ಕಂಪನಿಗಳಲ್ಲಿ ಸಿಗುತ್ತದೆ. ಬೆಲೆ ಹೋಲಿಸುವಾಗ ಇದನ್ನು ಮರೆಯಬೇಡಿ: ಓಂಕ್ಯೋ ಆರ್‌ಝಡ್50ರಲ್ಲಿ ಡಿರಾಕ್ ಪೂರ್ತಿ ಲೈಸೆನ್ಸ್ ಬೆಲೆಯೊಳಗೇ ಇದೆ. ಎಕ್ಸ್3800ಎಚ್‌ನಲ್ಲಿ ಬೇಕಾದರೆ ಬೇರೆ ಕೊಳ್ಳಬೇಕು, ಬಂದಾಗ 500 ಹರ್ಟ್ಸ್‌ವರೆಗೆ ಮಾತ್ರ ತಿದ್ದುವುದಕ್ಕೆ 259 ಡಾಲರ್, ಪೂರ್ತಿಗೆ 349 ಇತ್ತು. ಬಾಸ್ ಕಂಟ್ರೋಲ್, ಎಆರ್‌ಟಿ ಅಂತ ಮುಂದಿನ ಮೆಟ್ಟಿಲುಗಳಿಗೆ ಮತ್ತೆ ಬೇರೆ ಲೈಸೆನ್ಸ್. ಎಆರ್‌ಟಿ ಮಜವಾದದ್ದು: ಒಂದು ಸ್ಪೀಕರ್ ಎಬ್ಬಿಸಿದ ಬೂಂ ಅನ್ನು ಉಳಿದ ಸ್ಪೀಕರ್‌ಗಳು ಎದುರು ಸದ್ದು ಬಿಟ್ಟು ಅಡಗಿಸುತ್ತವೆ. ಮೊದಲು ದುಬಾರಿ ಪ್ರೊಸೆಸರ್‌ಗಳಲ್ಲಿ ಮಾತ್ರ ಇತ್ತು, ಈಗ ಡೆನಾನ್, ಮಾರಾಂಟ್ಸ್‌ನ ಕೆಲವು ಮಾಡೆಲ್‌ಗೂ ಬಂದಿದೆ.

ನನ್ನ ಅಭಿಪ್ರಾಯ ಕೇಳಿದರೆ, 500 ಹರ್ಟ್ಸ್‌ವರೆಗಿನದು ಸಾಕು. ಕೋಣೆ ತೊಂದರೆ ಕೊಡುವುದು ಹೆಚ್ಚಾಗಿ ಕೆಳಗಿನ ಸ್ವರಗಳಲ್ಲೇ. ಅದರ ಮೇಲೆ ಒಳ್ಳೆಯ ಸ್ಪೀಕರ್ ಇದ್ದರೆ ಅದನ್ನು ಅದರ ಪಾಡಿಗೆ ಬಿಡಿ.

ಮತ್ತೆ ಎರಡು ಸಬ್. ಒಂದು ದೊಡ್ಡ ಸಬ್‌ಗಿಂತ ಎರಡು ಚಿಕ್ಕ ಸಬ್ ಮೇಲು. ಒಂದೇ ಇದ್ದರೆ ನೀವು ಕೂತ ಜಾಗದಲ್ಲಿ ಬಾಸ್ ಸರಿ, ಪಕ್ಕದಲ್ಲಿ ಕೂತ ಅಮ್ಮನಿಗೆ ಏನೂ ಇಲ್ಲ, ಆ ಕುರ್ಚಿಯಲ್ಲಿರುವ ಮಗನಿಗೆ ಕಿವಿ ತುಂಬ. ಎರಡನ್ನು ಎದುರುಬದುರು ಗೋಡೆಗಳ ಮಧ್ಯಭಾಗದಲ್ಲಿ ಒಂದೊಂದು ಇಟ್ಟರೆ ಒಂದರ ಕೊರತೆ ಇನ್ನೊಂದು ತುಂಬುತ್ತದೆ. ಜಾಗ ಹುಡುಕುವ ಹಳೇ ಉಪಾಯ ಗೊತ್ತಾ? ಸಬ್ ಅನ್ನು ಎತ್ತಿ ಸೋಫಾ ಮೇಲೆ ಕೂರಿಸಿ, ಒಂದು ಬಾಸ್ ಹಾಡು ಹಾಕಿ, ನೀವು ನೆಲದ ಮೇಲೆ ಅಂಬೆಗಾಲಿಡುತ್ತಾ ಗೋಡೆ ಪಕ್ಕ ಹೋಗಿ. ಎಲ್ಲಿ ಬಾಸ್ ಸಮವಾಗಿ ಕೇಳುತ್ತದೋ ಅಲ್ಲಿ ಸಬ್ ಇಡಿ. ನಾನು ಹೀಗೆ ಮಾಡುತ್ತಿದ್ದಾಗಲೇ ಇಸ್ತ್ರಿಯವನು ಬಟ್ಟೆ ಕೊಡಲು ಬಂದ. ಇರಲಿ.

ಎಚ್‌ಡಿಎಂಐ ವಿಷಯ

ಇಲ್ಲಿ ಜನ ಸುಮ್ನೆ ಹೆದರುತ್ತಾರೆ. ಮನೆಯಲ್ಲಿ ಪಿಎಸ್5 ಥರದ ಗೇಮ್ ಇಲ್ಲದಿದ್ದರೆ ಎಚ್‌ಡಿಎಂಐ 2.1 ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಸೆಕೆಂಡಿಗೆ 24 ಚೌಕಟ್ಟಿನ 4ಕೆ ಎಚ್‌ಡಿಆರ್ ಸಿನಿಮಾ ಹಳೆಯ 18 ಗಿಗಾಬಿಟ್ ದಾರಿಯಲ್ಲೇ ಆರಾಮಾಗಿ ಹೋಗುತ್ತದೆ. 4ಕೆ 120 ಹರ್ಟ್ಸ್ ಆಟಕ್ಕೆ ಮಾತ್ರ 2.1ರ ದೊಡ್ಡ ಬಾಗಿಲು ಬೇಕು. ಅದೂ ಬೇಡ ಅಂದರೆ ಗೇಮ್ ಅನ್ನು ನೇರ ಟಿವಿಗೆ ಹಾಕಿ, ಶಬ್ದವನ್ನು ಇ-ಆರ್ಕ್ ಮೂಲಕ, ಅಂದರೆ ಎಚ್‌ಡಿಎಂಐ ತಂತಿಯಲ್ಲೇ ಟಿವಿಯಿಂದ ವಾಪಸ್, ರಿಸೀವರಿಗೆ ತನ್ನಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಒಂದು ಎಚ್ಚರಿಕೆ: 2020ರಲ್ಲಿ ಮೊದಲು ಬಂದ ಎಚ್‌ಡಿಎಂಐ 2.1 ರಿಸೀವರ್‌ಗಳಲ್ಲಿ ಹಲವಕ್ಕೆ ಒಂದು ಚಿಪ್ ದೋಷದಿಂದ 120 ಹರ್ಟ್ಸ್‌ನಲ್ಲಿ ಚಿತ್ರ ಕಪ್ಪಾಗುತ್ತಿತ್ತು. ಆ ವರ್ಷದ ಯಂತ್ರವಾದರೆ ನಿಮ್ಮ ಗೇಮ್ ಹಾಕಿ ಓಡಿಸಿ ನೋಡಿ ಮಾತ್ರ ತನ್ನಿ.

ಆರ್ಕ್ ಮತ್ತು ಇ-ಆರ್ಕ್ ಬೇರೆ, ಆರ್ಕ್ ಹಳೆಯ ಸಣ್ಣ ದಾರಿ. ನೆಟ್‌ಫ್ಲಿಕ್ಸ್‌ನಂಥ ಕಡೆಯಿಂದ ಬರುವ ಅಟ್ಮಾಸ್ ಒತ್ತಿ ಚಿಕ್ಕದು ಮಾಡಿದ್ದು, ಜಾಸ್ತಿ ಅಂದರೆ 768 ಕಿಲೋಬಿಟ್, ಅದು ಹಲವು ಟಿವಿಗಳಲ್ಲಿ ಸಾಧಾರಣ ಆರ್ಕ್‌ನಲ್ಲೇ ಬರುತ್ತದೆ. ಬ್ಲೂರೇ ತಟ್ಟೆಯ ಪೂರ್ತಿ ಟ್ರೂಎಚ್‌ಡಿ, ಅಂದರೆ ಗುಣ ಕಳೆದುಕೊಳ್ಳದ ಶಬ್ದ, ಬರಲು ಇ-ಆರ್ಕ್ ಬೇಕು, ಅಥವಾ ಪ್ಲೇಯರ್ ಅನ್ನು ನೇರ ರಿಸೀವರಿಗೆ ಹಾಕಬೇಕು. ಎಲ್ಲ ಜೋಡಿಸಿದ ಮೇಲೆ ರಿಸೀವರ್ ಮುಖದ ಮೇಲೆ "ಡಾಲ್ಬಿ ಅಟ್ಮಾಸ್" ಅಂತ ಬರುತ್ತದಾ ನೋಡಿ. ಪಿಸಿಎಂ ಅಂತ ಬಂದರೆ ಟಿವಿಯೇ ಶಬ್ದ ಬಿಚ್ಚಿ ಅಟ್ಮಾಸ್ ಇಲ್ಲದೆ ಕಳಿಸುತ್ತಿದೆ ಅಂತ, ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಪಾಸ್ ಥ್ರೂ ಒತ್ತಿ. ಆರು ತಿಂಗಳು ಪಿಸಿಎಂ ಕೇಳಿಕೊಂಡು "ಅಟ್ಮಾಸ್ ಸೂಪರ್" ಅಂದವರು ನಮ್ಮ ಬಿಲ್ಡಿಂಗ್‌ನಲ್ಲೇ ಇದ್ದಾರೆ.

ಅಂಗಡಿಗೆ ಹೋಗುವ ದಿನ

ಮುಂಬೈಯವರಿಗೆ ಲ್ಯಾಮಿಂಗ್ಟನ್ ರೋಡ್ ಇದ್ದೇ ಇದೆ, ಗ್ರ್ಯಾಂಟ್ ರೋಡ್ ಸ್ಟೇಷನ್ ಪಕ್ಕ. ಸೆಂಟ್ರಲ್ ಲೈನಿನವರು ದಾದರ್‌ನಲ್ಲಿ ಬದಲಿಸಿ. ಮಾಟುಂಗಾದಲ್ಲಿ ಇಳಿದು ಇಡ್ಲಿ ತಿಂದು ಹೋದರೆ ಚೌಕಾಸಿಗೆ ಶಕ್ತಿ ಬರುತ್ತದೆ. ಪುಣೆಯವರಿಗೆ ಬುಧವಾರ ಪೇಟೆಯ ತಾಪ್ಕೀರ್ ಗಲ್ಲಿ. ಈ ಎರಡು ಕಡೆ ನಾನು ತರುವುದು ತಂತಿ, ಪ್ಲಗ್, ಬ್ರಾಕೆಟ್, ಸ್ಟ್ಯಾಂಡ್ ಮಾತ್ರ. ರಿಸೀವರ್ ಅಥವಾ ಪ್ರೊಸೆಸರ್ ಮಾತ್ರ ಅಧಿಕೃತ ಡೀಲರ್ ಹತ್ತಿರವೇ, ಬಿಲ್ ಸಮೇತ.

ಯಾಕೆ ಅಂದರೆ ಬಿಲ್ ಇಲ್ಲದೆ ಹೊರಗಿನಿಂದ ಬಂದ ಮಾಲಿಗೆ ಇಲ್ಲಿ ವಾರಂಟಿ ಸಿಗುವುದಿಲ್ಲ, ಮೇಲಾಗಿ ನನ್ನ 120 ವೋಲ್ಟ್ ಕಥೆ. ದುಡ್ಡು ಕೊಡುವ ಮುಂಚೆ ಯಂತ್ರದ ಬೆನ್ನು ನೋಡಿ: 220-240 ವೋಲ್ಟ್, 50 ಹರ್ಟ್ಸ್ ಅಂತ ಇರಲೇಬೇಕು. ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿ, ಡಬ್ಬದ ನಂಬರಿಗೂ ಯಂತ್ರದ ನಂಬರಿಗೂ ತಾಳೆ ನೋಡಿ. ವಾರಂಟಿ ಎಷ್ಟು ವರ್ಷ, ಕೆಟ್ಟರೆ ಮನೆಗೆ ಬರುತ್ತಾರಾ ಅಥವಾ ನಾವೇ ಹೊತ್ತುಕೊಂಡು ಹೋಗಬೇಕಾ ಕೇಳಿ. ಗೋವಾದವರು ಇದನ್ನು ಎರಡು ಸಲ ಕೇಳಿ.

ಸ್ಪೀಕರ್ ತಂತಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. 10-12 ಮೀಟರ್‌ವರೆಗೆ 16 ಗೇಜ್ ಸಾಕು, ಅದಕ್ಕಿಂತ ಉದ್ದಕ್ಕೆ 14. ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ. ವಾಪಸ್ ಕೊಡಿ. ಗೋಡೆ ಒಡೆಯಲು ಆಗದಿದ್ದರೆ ಎಲೆಕ್ಟ್ರಿಷಿಯನ್ ಹಾಕುವ ಬಿಳಿ ಕೇಸಿಂಗ್ ಪಟ್ಟಿಯನ್ನು ಸ್ಕರ್ಟಿಂಗ್ ಉದ್ದಕ್ಕೂ ಓಡಿಸಿ, ಕಣ್ಣಿಗೆ ಬೀಳುವುದಿಲ್ಲ.

ಮನೆಗೆ ತಂದ ಮೇಲೆ

ಟಿವಿ ಯೂನಿಟ್‌ನ ಗಾಜಿನ ಬಾಗಿಲ ಹಿಂದೆ ರಿಸೀವರ್ ಇಡಬೇಡಿ, ಸುಟ್ಟ ವಾಸನೆ ಬರುವವರೆಗೆ ಗೊತ್ತಾಗುವುದಿಲ್ಲ. ಮೇಲೆ ಕನಿಷ್ಠ ಆರು ಇಂಚು ಖಾಲಿ ಬಿಡಿ, ಹಿಂಬದಿ ತೆರೆದಿರಲಿ. ಕಡಲ ಹತ್ತಿರ ಇರುವವರ ಮನೆಯಲ್ಲಿ ಉಪ್ಪು ಗಾಳಿ, ಮಳೆಗಾಲದಲ್ಲಿ ತೇವ. ತಿಂಗಳುಗಟ್ಟಲೆ ಮುಚ್ಚಿಡಬೇಡಿ, ವಾರಕ್ಕೊಮ್ಮೆಯಾದರೂ ಒಂದು ಗಂಟೆ ಓಡಿಸಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಗೋವಾದಲ್ಲಿ ಮಳೆ ಶುರುವಾಗುವ ಮುಂಚಿನ ಗುಡುಗು ಸಿಡಿಲಿನ ದಿನಗಳಲ್ಲಿ ಪ್ಲಗ್ ಕಿತ್ತಿಡಿ, ಡಿಶ್‌ನಿಂದ ಬರುವ ಕೇಬಲ್ಲನ್ನೂ ಕಿತ್ತಿಡಿ. ಸರ್ಜ್ ಪ್ರೊಟೆಕ್ಟರ್ ಇದ್ದರೂ ಅರ್ಥಿಂಗ್ ಸರಿ ಇಲ್ಲದಿದ್ದರೆ ಅದು ಅಲಂಕಾರ.

ಸ್ಪೀಕರ್‌ನಲ್ಲಿ ಹೂಂ ಅಂತ ಬಂದರೆ ಮೊದಲು ಸೆಟ್ ಟಾಪ್ ಬಾಕ್ಸಿನ ಕೇಬಲ್ ಬಿಚ್ಚಿ. ನಿಂತರೆ ಕಾರಣ ಸಿಕ್ಕಿತು, ಅದಕ್ಕೊಂದು ಐಸೊಲೇಟರ್ ಹಾಕಿ. ಪ್ಲಗ್‌ನ ಅರ್ಥ್ ಪಿನ್ ಮುರಿದು ಹೂಂ ನಿಲ್ಲಿಸುವ ಬುದ್ಧಿವಂತರಿದ್ದಾರೆ. ದಯವಿಟ್ಟು ಬೇಡ, ಜೀವದ ಪ್ರಶ್ನೆ.

ಮೈಕ್ ಅಳತೆಗೆ ಭಾನುವಾರ ಮಧ್ಯಾಹ್ನ ಎರಡೂವರೆ ಒಳ್ಳೆಯ ಹೊತ್ತು. ಎಲ್ಲರೂ ಉಂಡು ಮಲಗಿರುತ್ತಾರೆ, ಕುಕ್ಕರ್ ಕೂಗುವುದಿಲ್ಲ. ಫ್ಯಾನ್, ಎಸಿ, ಫ್ರಿಜ್ ಆಫ್. ಗಣಪತಿ ಹಬ್ಬದ ಹತ್ತು ದಿನ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಮೈಕ್ ಅನ್ನು ಕ್ಯಾಮೆರಾ ಸ್ಟ್ಯಾಂಡ್ ಮೇಲೆ ಕಿವಿಯ ಎತ್ತರಕ್ಕೆ ಇಡಿ, ಸೋಫಾದ ಬೆನ್ನಿಗೆ ಒರಗಿಸಬೇಡಿ. ಆಡಿಸ್ಸಿಯಲ್ಲಿ ಎಂಟು ಅಳತೆ. ಮೊದಲನೆಯದು ನೀವು ಕೂರುವ ಜಾಗದ್ದು, ಉಳಿದ ಏಳು ಅದರ ಸುತ್ತ ಒಂದೆರಡು ಅಡಿಯೊಳಗೆ. ಎಂಟೂ ಮಾಡಿ, ಮೂರಕ್ಕೇ ಬೇಜಾರಾಗಿ ಬಿಡಬೇಡಿ.

ಮುಗಿದ ಮೇಲೆ ಮೆನುವಿಗೆ ಹೋಗಿ ನೋಡಿ. ಯಂತ್ರ ಮುಂದಿನ ಸ್ಪೀಕರ್‌ಗಳನ್ನು "ಲಾರ್ಜ್" ಅಂತ ಹಾಕಿದ್ದರೆ "ಸ್ಮಾಲ್" ಮಾಡಿ, ಕ್ರಾಸ್‌ಓವರ್ 80 ಹರ್ಟ್ಸ್, ಅಂದರೆ ಅದಕ್ಕಿಂತ ಕೆಳಗಿನ ಬಾಸ್ ಸಬ್‌ಗೆ. ಸ್ಪೀಕರ್ ಎಷ್ಟು ದೊಡ್ಡದಿದ್ದರೂ ಹೀಗೇ ಮಾಡಿ, ಆ ಪದ ಬರೀ ಬಾಸ್ ಯಾರು ಹೊರಬೇಕು ಅನ್ನುವುದನ್ನು ಹೇಳುತ್ತದೆ, ಅವಮಾನ ಏನಿಲ್ಲ. ಸಬ್‌ನ ದೂರ ನಿಜವಾದ ಅಳತೆಗಿಂತ ಜಾಸ್ತಿ ತೋರಿಸಿದರೆ ತಿದ್ದಬೇಡಿ, ಸಬ್ ಒಳಗಿನ ಸರ್ಕ್ಯೂಟ್ ಮಾಡುವ ತಡವನ್ನು ಅದು ದೂರವಾಗಿ ಬರೆದಿರುತ್ತದೆ. ಮಾತು ಸರಿಯಾಗಿ ಕೇಳದಿದ್ದರೆ ಸೆಂಟರ್ ಸ್ಪೀಕರ್ ಅನ್ನು ಎರಡು ಡೆಸಿಬೆಲ್ ಏರಿಸಿ. ನಮ್ಮ ಅಮ್ಮನಿಗೆ ಇಡೀ ವ್ಯವಸ್ಥೆಯಲ್ಲಿ ಇಷ್ಟವಾದದ್ದು ಇದೊಂದೇ.

ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ವಸತಿ ಪ್ರದೇಶದ ಮಿತಿ 45 ಡೆಸಿಬೆಲ್, ಹಗಲು 55. ಇದು 2000ನೇ ಇಸವಿಯ ನಿಯಮ. ಅಳೆಯಲು ಯಾರೂ ಬರುವುದಿಲ್ಲ, ಆದರೆ ಬಾಸ್ ಸ್ಲ್ಯಾಬ್ ದಾಟಿ ಕೆಳಗಿನ ಮನೆಯ ಮಂಚಕ್ಕೆ ಹೋಗುತ್ತದೆ. ಸಬ್ ಕೆಳಗೆ ಫೋಮ್ ಇಟ್ಟರೆ ನೆಲದ ನಡುಕ ಸ್ವಲ್ಪ ಕಡಿಮೆಯಾಗುತ್ತದೆ, ಗಾಳಿಯಲ್ಲಿ ಹೋಗುವುದು ಹೋಗಿಯೇ ಹೋಗುತ್ತದೆ. ಜೋರು ಸದ್ದನ್ನು ತಗ್ಗಿಸುವ ಡೈನಾಮಿಕ್ ವಾಲ್ಯೂಮ್ ಅಥವಾ ನೈಟ್ ಮೋಡ್ ಹಾಕಿ, ಸಬ್ ಅನ್ನು ಆರು ಡೆಸಿಬೆಲ್ ಇಳಿಸಿ. ಕೆಳಗಿನ ಮನೆಯ ಕಾಕೂಗೆ ನಾನೇ ಹೋಗಿ ಹೇಳಿ ಬಂದಿದ್ದೇನೆ, ಜಾಸ್ತಿ ಆದರೆ ಒಂದು ಮಿಸ್ಡ್ ಕಾಲ್ ಕೊಡಿ ಅಂತ. ಈವರೆಗೆ ಎರಡು ಬಂದಿವೆ.

ಮತ್ತೆ ಖಾಲಿ ಡಬ್ಬ, ಒಳಗಿನ ಥರ್ಮೊಕೋಲ್ ಸಮೇತ, ಎಸೆಯಬೇಡಿ. ಮನೆಯಲ್ಲಿ ಬೈಗುಳ ಬೀಳುತ್ತದೆ, ಬೀಳಲಿ, ಲಾಫ್ಟ್ ಮೇಲೆ ಹಾಕಿ. ಸರ್ವಿಸ್‌ಗೆ ಕಳಿಸುವಾಗ ಬೇಕು, ಮಾರುವಾಗ ಬೇಕು. ನನ್ನ ಆ 11 ಚಾನೆಲ್ ಪ್ರೊಸೆಸರ್ ಕೊನೆಗೆ ಹೋದದ್ದೂ ಡಬ್ಬ ಇತ್ತು ಅಂತಲೇ. ಟ್ರಾನ್ಸ್‌ಫಾರ್ಮರನ್ನೂ ಜೊತೆಗೆ ಕಟ್ಟಿ ಕೊಟ್ಟೆ.